ಮಾಡದ ವ್ಯಾಪಾರಕ್ಕೆ, ಪಡೆಯದ ಸಾಲಕ್ಕೆ ನೋಟಿಸ್ ಬಂದರೆ: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ (ತೋಟದ ಲೆಕ್ಕ ಬರೆಯುವವರು) ಆಗಿರುವವರಿಗೆ ದೆಹಲಿಯ ಜಿಎಸ್‌ಟಿ ಕಚೇರಿಯಿಂದ ಲಕೋಟೆ ಬಂತು ಅಂದುಕೊಳ್ಳಿ. ಒಳಗೆ ಪುಟಗಟ್ಟಲೆ ಇಂಗ್ಲಿಷ್. ನೀವು ಗುಜರಿ ಕಬ್ಬಿಣದ ವ್ಯಾಪಾರ ಮಾಡಿದ್ದೀರಿ, ತೆರಿಗೆ ಕಟ್ಟಿಲ್ಲ, ಇಷ್ಟು ಲಕ್ಷ ಬಾಕಿ ಅಂತ ಬರೆದಿದೆ. ಅವರು ದೆಹಲಿ ನೋಡಿದ್ದು ಟಿವಿಯಲ್ಲಿ ಮಾತ್ರ. ಆದರೆ ಹೆಸರು ಅವರದೇ, ಪ್ಯಾನ್ ನಂಬರೂ ಅವರದೇ.

ಇಂಥ ಹೊತ್ತಲ್ಲಿ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. 'ನಮ್ಮದಲ್ಲ ಬಿಡು' ಅಂತ ಲಕೋಟೆಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಮರೆತುಬಿಡುತ್ತಾರೆ. ಇಲ್ಲವೇ ಹೆದರಿ ಯಾರೋ ಹೇಳಿದ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ. ಎರಡೂ ಬೇಡ. ನೀವು ಉತ್ತರ ಕೊಡದಿದ್ದರೆ ಅಧಿಕಾರಿ ತಮ್ಮ ಬಳಿ ಇರುವ ಕಾಗದ ನೋಡಿಯೇ ಆದೇಶ ಮಾಡುತ್ತಾರೆ. ಆ ಕಾಗದದಲ್ಲೆಲ್ಲ ಇರುವುದು ನಿಮ್ಮ ಹೆಸರೇ. ನೋಟಿಸ್ ಹಂತದಲ್ಲಿ ಒಂದು ಪತ್ರದಿಂದ ಮುಗಿಯಬಹುದಾದದ್ದು ಆದೇಶ ಆದಮೇಲೆ ಮೇಲ್ಮನವಿ, ವಕೀಲರು, ಠೇವಣಿ ಅಂತ ಬೆಳೆಯುತ್ತದೆ.

ಮೊದಲು: ನೋಟಿಸ್ ಅಸಲಿಯೋ ನಕಲಿಯೋ

ಆದಾಯ ತೆರಿಗೆ ಇಲಾಖೆಯ ಪತ್ರಗಳಿಗೆ 2019ರ ಅಕ್ಟೋಬರ್ 1ರಿಂದ ಡಿಐಎನ್ ಅನ್ನುವ ದಾಖಲೆ ಸಂಖ್ಯೆ ಇರಬೇಕು. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನ ಮುಖಪುಟದಲ್ಲೇ ನೋಟಿಸ್ ಪರಿಶೀಲಿಸುವ ಕೊಂಡಿ ಇದೆ. ಲಾಗಿನ್ ಬೇಡ. ಡಿಐಎನ್ ಹಾಕಿದರೆ ಆ ಪತ್ರ ಇಲಾಖೆಯಿಂದ ಹೊರಟಿದ್ದು ಹೌದೋ ಅಲ್ಲವೋ ತಿಳಿಯುತ್ತದೆ. ಕೇಂದ್ರ ಜಿಎಸ್‌ಟಿ ಅಧಿಕಾರಿಗಳ ಪತ್ರಕ್ಕೂ ಡಿಐಎನ್ ಇರುತ್ತದೆ, ಅದನ್ನು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ಜಿಎಸ್‌ಟಿ ಪೋರ್ಟಲ್ ಮೂಲಕ ಹೊರಟ ಪತ್ರವಾದರೆ ಆರ್‌ಎಫ್‌ಎನ್ ಅನ್ನುವ ನಂಬರ್ ಇರುತ್ತದೆ, ಅದನ್ನು ಪರಿಶೀಲಿಸುವ ಜಾಗ ಅದೇ ಪೋರ್ಟಲ್‌ನಲ್ಲಿದೆ.

ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿಯ ನೋಟಿಸ್ ಆದರೆ ಪತ್ರದಲ್ಲಿರುವ ಫೋನ್ ನಂಬರಿಗೆ ಮಾಡಬೇಡಿ. ಆ ಸಂಸ್ಥೆಯ ಅಧಿಕೃತ ಜಾಲತಾಣದಿಂದ ನಂಬರ್ ತೆಗೆದುಕೊಳ್ಳಿ, ಇಲ್ಲವೇ ಹತ್ತಿರದ ಶಾಖೆಗೇ ಹೋಗಿ ಕೇಳಿ.

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್, ಪೊಲೀಸ್ ಡ್ರೆಸ್ ಹಾಕಿಕೊಂಡು ವೀಡಿಯೊ ಕಾಲ್ ಮಾಡುವವರು, 'ಡಿಜಿಟಲ್ ಅರೆಸ್ಟ್' ಮಾತು, ಯುಪಿಐಗೆ ದುಡ್ಡು ಹಾಕಿದರೆ ಕೇಸ್ ಮುಚ್ಚುತ್ತೇವೆ ಅನ್ನುವುದು, ಇವೆಲ್ಲ ಮೋಸವೇ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ಫೋನ್ ಇಟ್ಟುಬಿಡಿ.

ನಿಜಕ್ಕೂ ಗುರುತಿನ ಕಳ್ಳತನವೇ?

ಈ ಪ್ರಶ್ನೆಯನ್ನು ಬಿಟ್ಟು ನೇರ ಪೊಲೀಸ್ ಠಾಣೆಗೆ ಓಡುವವರು ಜಾಸ್ತಿ. ಒಂದು ಸಂಜೆ ಕೂತು ಯೋಚಿಸಿ. ಚಿಕ್ಕಪ್ಪನ ಮಗನ ಸಾಲಕ್ಕೆ ಎಂದಾದರೂ ಜಾಮೀನು ಹಾಕಿದ್ದೀರಾ? ಜಾಮೀನು ಹಾಕಿದ ಸಾಲ ನಿಮ್ಮ ಕ್ರೆಡಿಟ್ ವರದಿಯಲ್ಲೂ (ನಿಮ್ಮ ಹೆಸರಿನ ಸಾಲಗಳ ದಾಖಲೆ) ಕಾಣುತ್ತದೆ, ಕಟ್ಟದಿದ್ದರೆ ನೋಟಿಸ್ ನಿಮಗೂ ಬರುತ್ತದೆ. ಅದು ಕಳ್ಳತನ ಅಲ್ಲ. ಸ್ವಸಹಾಯ ಗುಂಪಿನಲ್ಲಿ ಎಲ್ಲರ ಜೊತೆ ಸಹಿ ಹಾಕಿದ್ದೂ ಹಾಗೆಯೇ.

ಕೊಡಗಿನಲ್ಲಿ ಇನ್ನೊಂದು ಗೊಂದಲ ಸಾಧ್ಯ. ಒಂದೇ ಒಕ್ಕದಲ್ಲಿ (ಒಂದೇ ಮೂಲದ ದೊಡ್ಡ ಕುಟುಂಬ) ಒಂದೇ ಮನೆ ಹೆಸರು, ಒಂದೇ ಹೆಸರಿನ ಇಬ್ಬರು ಮೂವರು ಇರುತ್ತಾರೆ. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಸಾಲುಗಟ್ಟಲೆ ಹೆಸರು. ಬ್ಯಾಂಕಿನಲ್ಲೋ ಕಾಫಿ ವ್ಯಾಪಾರಿಯ ಲೆಕ್ಕದಲ್ಲೋ ಅಣ್ಣನ ವ್ಯವಹಾರಕ್ಕೆ ತಮ್ಮನ ಪ್ಯಾನ್ ಸೇರಿಕೊಂಡರೆ ಅದು ತಪ್ಪು ನಮೂದು. ಅದನ್ನು ಆ ಬ್ಯಾಂಕಿನಲ್ಲೋ ಮಂಡಿಯಲ್ಲೋ ತಿದ್ದಿಸಬೇಕು, ಎಫ್‌ಐಆರ್ ಬೇಕಿಲ್ಲ.

ಹೀಗೆ ಜಾಲಾಡಿದ ಮೇಲೂ 'ಇದು ನಾನಲ್ಲ' ಅಂತ ಖಾತ್ರಿಯಾದರೆ ಮುಂದೆ ಹೋಗಿ.

ನೋಟಿಸ್ ಓದುವ ಬಗೆ

ಇಂಗ್ಲಿಷ್ ನೋಡಿ ಗಾಬರಿಯಾಗಬೇಡಿ. ಎಲ್ಲಾ ಸಾಲೂ ಅರ್ಥ ಆಗಬೇಕಿಲ್ಲ. ಕಳಿಸಿದ ಕಚೇರಿ ಯಾವುದು, ಯಾವ ವರ್ಷದ ವ್ಯವಹಾರ, ಯಾವ ಕಲಂ, ಎಷ್ಟು ಮೊತ್ತ, ಉತ್ತರಕ್ಕೆ ಕೊನೆಯ ದಿನ ಯಾವುದು. ಇಷ್ಟನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಕೊನೆಯ ದಿನ ಎಲ್ಲಕ್ಕಿಂತ ಮುಖ್ಯ. ಮಳೆಗಾಲದಲ್ಲಿ ರಸ್ತೆ ಕುಸಿದು ಟಪಾಲು ತಡವಾಗಿ ಬಂದಿದ್ದರೆ ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮುದ್ರೆಯೇ ನಿಮಗೆ ನೋಟಿಸ್ ಯಾವಾಗ ಸಿಕ್ಕಿತು ಅನ್ನುವುದಕ್ಕೆ ಸಾಕ್ಷಿ.

ಇನ್ನು ಇದು ನೋಟಿಸೋ, ಆದೇಶವೋ ನೋಡಿ. ಜಿಎಸ್‌ಟಿಯಲ್ಲಿ ಡಿಆರ್‌ಸಿ-01 ಅಂದರೆ ಕಾರಣ ಕೇಳುವ ನೋಟಿಸ್. ಡಿಆರ್‌ಸಿ-07 ಅಂದರೆ ಆದೇಶ ಆಗಿಹೋಗಿದೆ. ಎರಡನೆಯದಾದರೆ ಉತ್ತರದ ಕಾಲ ಮುಗಿದಿದೆ, ಮೇಲ್ಮನವಿ ಹಾಕಬೇಕು. ಅದಕ್ಕೆ ಆದೇಶ ತಲುಪಿದ ದಿನದಿಂದ ಮೂರು ತಿಂಗಳು.

ನಮ್ಮ ರೈಟರ್ ಅವರ ನೋಟಿಸಿನಲ್ಲಿ ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಇದೆ. ಅದನ್ನು ಬಿಡಿಸಿದರೆ ಅರ್ಧ ಕಥೆ ತಿಳಿಯುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಕೇರಳಕ್ಕೆ 32, ದೆಹಲಿಗೆ 07. ನಂತರದ ಹತ್ತು ಅಕ್ಷರ ಪ್ಯಾನ್ ನಂಬರ್. ಅಂದರೆ 07 ಆದಮೇಲೆ ಅವರದೇ ಪ್ಯಾನ್ ಬಂದಿದ್ದರೆ, ಯಾರೋ ಅವರ ಪ್ಯಾನ್ ಹಾಕಿ ದೆಹಲಿಯಲ್ಲಿ ಅಂಗಡಿ ತೆರೆದಂತೆ ತೋರಿಸಿದ್ದಾರೆ. ಅಂಗಡಿ ಇರುವುದು ಕಾಗದದ ಮೇಲೆ ಮಾತ್ರ. ಸುಳ್ಳು ಬಿಲ್ ಮಾರುವುದೇ ಆ ಕಳ್ಳರ ಕಸುಬು.

ಇಷ್ಟು ದಿನ ಅವರಿಗೆ ಏಕೆ ಗೊತ್ತಾಗಲಿಲ್ಲ? ಜಿಎಸ್‌ಟಿ ನೋಂದಣಿಗೆ ಕೊಟ್ಟ ಮೊಬೈಲ್, ಇಮೇಲ್ ಎರಡೂ ಕಳ್ಳನವು. ಇಲಾಖೆ ಕಳಿಸಿದ ಸೂಚನೆ ಎಲ್ಲ ಅಲ್ಲಿಗೇ ಹೋಗಿರುತ್ತದೆ. ನಿಮಗೆ ತಿಳಿಯುವುದು ಕಾಗದ ಮನೆಗೆ ಬಂದಾಗ, ಇಲ್ಲವೇ ಬ್ಯಾಂಕ್ ಖಾತೆಗೆ ತಡೆ ಬಿದ್ದಾಗ.

ಬೇರೆ ಎಲ್ಲೆಲ್ಲಿ ಕೈ ಹಾಕಿದ್ದಾರೆ ನೋಡಿ

ಒಂದು ಕಡೆ ಪ್ಯಾನ್ ಬಳಸಿದವರು ಅಲ್ಲಿಗೇ ನಿಲ್ಲಿಸಿರುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ. ಉತ್ತರ ಬರೆಯುವ ಮೊದಲೇ ನಾಲ್ಕು ಕಡೆ ನೋಡಿಕೊಳ್ಳಿ.

ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿ ಹುಡುಕುವ ಸೌಲಭ್ಯ ಇದೆ, ಲಾಗಿನ್ ಬೇಡ. ನಿಮ್ಮ ಪ್ಯಾನ್ ಮೇಲೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಇದೆ ಎಂದು ಅಲ್ಲೇ ಕಾಣುತ್ತದೆ. ಪ್ಯಾನ್ ದುರ್ಬಳಕೆಯ ದೂರು ಕೊಡುವ ಅವಕಾಶವೂ ಅದೇ ಪುಟದಲ್ಲಿದೆ. ದೂರು ಕೊಟ್ಟರೆ ಎಆರ್‌ಎನ್ ಎಂಬ ದೂರಿನ ನಂಬರ್ ಬರುತ್ತದೆ, ಬರೆದಿಟ್ಟುಕೊಳ್ಳಿ.

ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಎಐಎಸ್ ತೆಗೆಯಿರಿ. ಇದು ವರ್ಷದ ಮಾಹಿತಿ ಪಟ್ಟಿ. ಬಡ್ಡಿ, ಡಿವಿಡೆಂಡ್, ಆಸ್ತಿ ಖರೀದಿ, ಜಿಎಸ್‌ಟಿ ವಹಿವಾಟು ಎಲ್ಲ ಇದರಲ್ಲಿ ಬರುತ್ತದೆ. ನೀವು ಮಾಡದ ವಹಿವಾಟು ಇದ್ದರೆ ಆ ಸಾಲಿನ ಪಕ್ಕದಲ್ಲೇ 'ನನ್ನದಲ್ಲ' ಎಂದು ಪ್ರತಿಕ್ರಿಯೆ ಕೊಡಬಹುದು. ಕಾಫಿ ಹಣ ಕೃಷಿ ಆದಾಯ, ರಿಟರ್ನ್ ಹಾಕುವ ಕೆಲಸವೇ ಇಲ್ಲ ಅಂತ ಕೂತವರು ಈ ಪಟ್ಟಿಯನ್ನು ನೋಡುವುದೇ ಇಲ್ಲ. ರಿಟರ್ನ್ ಹಾಕದಿದ್ದರೂ ವರ್ಷಕ್ಕೆರಡು ಸಲ ನೋಡಿ.

ಯಾರ ಹೆಸರಲ್ಲಿ ಯಾವ ಸಾಲ ಇದೆ ಎಂದು ದಾಖಲಿಸಿಡುವ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕ್ರೆಡಿಟ್ ಸಂಸ್ಥೆಗಳಿವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕು. ಸಿಬಿಲ್ ಒಂದೇ ನೋಡಿ ಸುಮ್ಮನಾಗಬೇಡಿ, ಸಾಲ ಕೊಟ್ಟವರು ಯಾವ ಸಂಸ್ಥೆಗೆ ಸರಿಯಾಗಿ ವರದಿ ಮಾಡಿದ್ದಾರೋ ಹೇಳಲಾಗದು.

ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ನಿಮ್ಮದಲ್ಲದ ನಂಬರ್ ಇದ್ದರೆ ಅಲ್ಲೇ ಗುರುತು ಮಾಡಿ ಕಳಿಸಿ.

ಇಷ್ಟೂ ಪುಟಗಳನ್ನು ದಿನಾಂಕ ಕಾಣುವಂತೆ ಪ್ರಿಂಟ್ ತೆಗೆಸಿಕೊಳ್ಳಿ. ಸೈಬರ್ ಸೆಂಟರಿನಲ್ಲಿ ಮಾಡಿಸಿದರೆ ಲಾಗ್‌ಔಟ್ ಆಗಿ, ಡೌನ್‌ಲೋಡ್ ಆದ ಫೈಲನ್ನು ಅಳಿಸಿಯೇ ಏಳಿ.

ಪೊಲೀಸ್ ದೂರು

ದುಡ್ಡು ಈಗಷ್ಟೇ ಹೋಗಿದ್ದರೆ ಬೇರೆಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಬ್ಯಾಂಕಿನದ್ದೂ ನಿಮ್ಮದೂ ತಪ್ಪಿಲ್ಲದೆ ಮೂರನೆಯವರಿಂದ ಖಾತೆಯ ಹಣ ಹೋದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ದೂರು ಕೊಟ್ಟವರಿಗೆ ನಷ್ಟದ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲೇ ಸುತ್ತೋಲೆ ಹೊರಡಿಸಿದೆ.

ನೋಟಿಸ್ ವಿಚಾರವಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಜೊತೆಗೆ ಠಾಣೆಗೂ ಹೋಗಿ. ಮಡಿಕೇರಿಯಲ್ಲಿ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆ ಇದೆ, ಸೈಬರ್ ಮತ್ತು ಆರ್ಥಿಕ ಅಪರಾಧ ನೋಡುವುದು ಅವರೇ. ಅಷ್ಟು ದೂರ ಆಗದಿದ್ದರೆ ನಿಮ್ಮ ಊರಿನ ಠಾಣೆಯಲ್ಲೇ ಕೊಡಿ. 'ಇದು ದೆಹಲಿಯಲ್ಲಿ ನಡೆದದ್ದು, ಅಲ್ಲಿಗೆ ಹೋಗಿ' ಅಂತ ಯಾರಾದರೂ ಅಂದರೆ ಒಪ್ಪಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಅನ್ನುವುದು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಪುಕ್ಕಟೆ ಸಿಗಬೇಕು.

ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಸಿ ಕಲಂ ಅನ್ನು ಹೆಸರಿಸಿ. ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದೇ ಅಲ್ಲಿನ ಅಪರಾಧ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಂಪ್ಯೂಟರ್ ಬಳಸಿ ಇನ್ನೊಬ್ಬರಂತೆ ನಟಿಸಿ ವಂಚಿಸುವುದು 66-ಡಿ. ಕಥೆಯನ್ನು ಉದ್ದ ಎಳೆಯಬೇಡಿ. ನೋಟಿಸ್ ಯಾವಾಗ ಬಂತು, ಏನು ಹೇಳಿದೆ, ಏಕೆ ಅದು ನೀವಲ್ಲ, ನಿಮ್ಮ ದಾಖಲೆ ಯಾರ ಕೈಗೆ ಹೋಗಿರಬಹುದು. ಕೊನೆಯದನ್ನು ಬರೆಯಲು ಜನ ಹಿಂಜರಿಯುತ್ತಾರೆ, ಏಕೆಂದರೆ ಕೆಲವು ಸಲ ಅದು ಪರಿಚಯದವರೇ ಆಗಿರುತ್ತಾರೆ: ಸಾಲ ಕೊಡಿಸುತ್ತೇನೆಂದ ಏಜೆಂಟ್, ಕೆಲಸ ಕೊಡಿಸುತ್ತೇನೆಂದು ದಾಖಲೆ ಪಡೆದವರು. ಯಾರ ಮೇಲೂ ಆರೋಪ ಹೊರಿಸದೆ 'ಇಂಥ ತಿಂಗಳು ಇಂಥ ಕೆಲಸಕ್ಕೆ ಇವರಿಗೆ ಪ್ರತಿ ಕೊಟ್ಟಿದ್ದೆ' ಎಂದಷ್ಟೇ ಬರೆಯಬಹುದು.

ಉತ್ತರ: ಪ್ರತಿ ಕಚೇರಿಗೂ ಬೇರೆ ಬೇರೆ

ಎಫ್‌ಐಆರ್ ಆಯಿತು, ಇನ್ನು ನೋಟಿಸ್ ತಾನಾಗೇ ಮುಚ್ಚಿಹೋಗುತ್ತದೆ ಅಂತ ಅಂದುಕೊಂಡು ಕೂತವರೇ ಕೊನೆಗೆ ತೊಂದರೆಗೆ ಬೀಳುವುದು. ಪೊಲೀಸರು ಜಿಎಸ್‌ಟಿ ಕಚೇರಿಗೆ ನಿಮ್ಮ ಪರವಾಗಿ ಉತ್ತರ ಕೊಡುವುದಿಲ್ಲ. ಜಿಎಸ್‌ಟಿಯವರು ಬ್ಯಾಂಕಿಗೆ ಹೇಳುವುದಿಲ್ಲ. ನೀವೇ ಒಂದೊಂದಕ್ಕೂ ಬರೆಯಬೇಕು.

ಜಿಎಸ್‌ಟಿ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ಆ ವ್ಯಾಪ್ತಿಯ ಅಧಿಕಾರಿಗೆ ಮಾತ್ರ. ದೆಹಲಿಯ ನೋಂದಣಿಯನ್ನು ಮಡಿಕೇರಿಯ ಅಧಿಕಾರಿ ರದ್ದು ಮಾಡಲು ಬರುವುದಿಲ್ಲ. ಆದ್ದರಿಂದ ನೋಟಿಸ್ ಕಳಿಸಿದ ಕಚೇರಿಗೇ ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ದೆಹಲಿಗಾದರೆ ಇಂಗ್ಲಿಷ್‌ನಲ್ಲೇ ಬರೆಸಿ. ಒಳಗಿನ ಮಾತು ಹೀಗಿರಲಿ:

'ನಿಮ್ಮ ಇಂಥ ದಿನಾಂಕದ, ಇಂಥ ಸಂಖ್ಯೆಯ ನೋಟಿಸ್ ನನಗೆ ಇಂಥ ದಿನ ಅಂಚೆಯಲ್ಲಿ ತಲುಪಿದೆ. ಅದರಲ್ಲಿ ಹೇಳಿರುವ ಜಿಎಸ್‌ಟಿ ನೋಂದಣಿಯನ್ನು ನಾನು ಪಡೆದಿಲ್ಲ, ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ನಾನು ಕೊಡಗು ಜಿಲ್ಲೆಯ ಇಂಥ ಊರಿನ ವಾಸಿ, ಇಂಥ ತೋಟದಲ್ಲಿ ಉದ್ಯೋಗಿ. ನೋಟಿಸ್ ಹೇಳುವ ಅವಧಿಯ ನನ್ನ ಸಂಬಳದ ದಾಖಲೆ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿ ಲಗತ್ತಿಸಿದ್ದೇನೆ. ನೋಂದಣಿಗೆ ಕೊಟ್ಟ ಮೊಬೈಲ್, ಇಮೇಲ್, ಬ್ಯಾಂಕ್ ಖಾತೆ, ಫೋಟೊ, ಬಾಡಿಗೆ ಕರಾರು ಇವುಗಳ ಪ್ರತಿ ನನಗೆ ಕೊಡಬೇಕು. ನೋಂದಣಿಯನ್ನು ಅದು ಆರಂಭವಾದ ದಿನದಿಂದಲೇ ರದ್ದುಪಡಿಸಿ, ನನ್ನ ಮೇಲಿನ ಬೇಡಿಕೆಯನ್ನು ಕೈಬಿಡಬೇಕು. ಖುದ್ದು ವಿಚಾರಣೆಗೆ ಅವಕಾಶ ಕೊಡಬೇಕು.'

ಈ ಪತ್ರದ ಜೀವ ಎರಡು ಜಾಗದಲ್ಲಿದೆ. ಒಂದು, ದಾಖಲೆಗಳ ಪ್ರತಿ ಕೇಳುವುದು. ಆ ಬಾಡಿಗೆ ಕರಾರಿನ ಸಹಿ, ಅಂಟಿಸಿದ ಫೋಟೊ, ಅಲ್ಲಿನ ಮೊಬೈಲ್ ನಂಬರ್ ನಿಮ್ಮದಲ್ಲ ಅಂತ ತೋರಿಸುವುದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಕೊಡದಿದ್ದರೆ ಆರ್‌ಟಿಐ ಹಾಕಿ. ಎರಡು, 'ಆರಂಭದ ದಿನದಿಂದಲೇ' ಅನ್ನುವುದು. ಕೇಂದ್ರ ಜಿಎಸ್‌ಟಿ ಕಾಯ್ದೆಯ 29ನೇ ಕಲಂ, ಮೋಸದಿಂದ ಪಡೆದ ನೋಂದಣಿಯನ್ನು ಹಿಂದಿನ ದಿನಾಂಕದಿಂದ ರದ್ದು ಮಾಡಲು ಅವಕಾಶ ಕೊಡುತ್ತದೆ. ಇವತ್ತಿನಿಂದ ರದ್ದು ಅಂತ ಆದರೆ ಹಳೆಯ ಬಾಕಿ ನಿಮ್ಮ ತಲೆ ಮೇಲೇ ಉಳಿಯುತ್ತದೆ.

ನೋಟಿಸ್, ಎಫ್‌ಐಆರ್, ನೋಟರಿ ಮಾಡಿಸಿದ ಪ್ರಮಾಣಪತ್ರ (ಅಫಿಡವಿಟ್), ವಿಳಾಸದ ದಾಖಲೆ, ಎಲ್ಲವನ್ನೂ ಲಗತ್ತಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ.

ಆದಾಯ ತೆರಿಗೆ ನೋಟಿಸಿಗೆ ಉತ್ತರ ಪೋರ್ಟಲ್ ಮೂಲಕವೇ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಹಳೆಯ ವರ್ಷಗಳ ವಿಚಾರಕ್ಕೆ 1961ರ ಕಾಯ್ದೆಯ ಕಲಂಗಳೇ ನಡೆಯುತ್ತವೆ. 148-ಎ ಅಡಿಯಲ್ಲಿ ಬಂದರೆ 'ನಿಮ್ಮ ಹಳೆಯ ವರ್ಷವನ್ನು ಮತ್ತೆ ತೆರೆಯಬಾರದೇಕೆ' ಅಂತ ಕೇಳುತ್ತಿದ್ದಾರೆ ಅಂತ ಅರ್ಥ. ನಿಮ್ಮ ಮಾತು ಹೇಳಲು ಅದೇ ಒಳ್ಳೆಯ ಹಂತ. ಬೇಡಿಕೆ ಬಂದುಬಿಟ್ಟಿದ್ದರೆ ಬಾಕಿ ಬೇಡಿಕೆಯ ಪುಟದಲ್ಲಿ 'ಒಪ್ಪುವುದಿಲ್ಲ' ಆರಿಸಿ ಕಾರಣ ಕೊಡಿ.

ಬೆಳೆಗಾರರಿಗೆ ಇಲ್ಲಿ ಒಂದು ಎಚ್ಚರಿಕೆ. ಆವೇಶದಲ್ಲಿ 'ನನಗೆ ಕೃಷಿ ಬಿಟ್ಟರೆ ಬೇರೆ ಆದಾಯವೇ ಇಲ್ಲ' ಅಂತ ಬರೆದುಬಿಡಬೇಡಿ. ಬೆಳೆದ ಕಾಫಿಯನ್ನು ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ನೀವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿಸಿ ಮಾರಿದರೆ ಲಾಭದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ವ್ಯಾಪಾರದ ಆದಾಯ ಎಂದು ಹಳೆಯ ಆದಾಯ ತೆರಿಗೆ ನಿಯಮಾವಳಿಯ 7-ಬಿ ನಿಯಮ ಹೇಳುತ್ತಿತ್ತು. ಹೋಂಸ್ಟೇ ಹಣವಂತೂ ಕೃಷಿ ಅಲ್ಲವೇ ಅಲ್ಲ. ನಿಮ್ಮ ಉತ್ತರದಲ್ಲಿ ಒಂದು ಸುಳ್ಳು ಸಿಕ್ಕಿದರೆ ನಿಜವನ್ನೂ ಯಾರೂ ನಂಬುವುದಿಲ್ಲ. ನಿಮ್ಮದನ್ನು ನಿಮ್ಮದು ಅನ್ನಿ, ನಿಮ್ಮದಲ್ಲದ್ದನ್ನು ಮಾತ್ರ ನಿರಾಕರಿಸಿ. ಮೊತ್ತ ದೊಡ್ಡದಿದ್ದರೆ ಲೆಕ್ಕಪರಿಶೋಧಕರ ಫೀಸು ಉಳಿಸಲು ಹೋಗಬೇಡಿ.

ಪಡೆಯದ ಸಾಲದ ನೋಟಿಸಾದರೆ ಸಂಸ್ಥೆಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಿರಿ. ಸಾಲದ ಕರಾರು, ಗುರುತಿಗೆ ಪಡೆದ ಕೆವೈಸಿ ದಾಖಲೆ, ಎಲ್ಲಕ್ಕಿಂತ ಮುಖ್ಯವಾಗಿ ಹಣ ಯಾವ ಖಾತೆಗೆ ಹೋಯಿತು ಅನ್ನುವುದನ್ನು ಕೇಳಿ. ಹಣ ನಿಮ್ಮ ಖಾತೆಗೇ ಬರದಿದ್ದರೆ ವಾದದ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯಿತು. 'ಸದ್ಯಕ್ಕೆ ಒಂದು ಕಂತು ಕಟ್ಟಿ, ಆಮೇಲೆ ನೋಡೋಣ' ಅಂದರೆ ಕಟ್ಟಬೇಡಿ, ಸಾಲ ಒಪ್ಪಿಕೊಂಡಂತೆ ಆಗುತ್ತದೆ. ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.

ಅದೇ ದಿನ ಕ್ರೆಡಿಟ್ ಸಂಸ್ಥೆಗಳಿಗೂ ತಕರಾರು ಹಾಕಿ. ಮೂವತ್ತು ದಿನದಲ್ಲಿ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಸಾಲ ಕೊಟ್ಟ ಸಂಸ್ಥೆ ಮೂವತ್ತು ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ದೂರು ಕೊಡಿ, ಅದಕ್ಕೆ ಶುಲ್ಕವಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಇದನ್ನು ಯಾರಾದರೂ ಹೇಳಬೇಕು. ಆಧಾರ್ ಪ್ರತಿ ಹೆಚ್ಚು ಕೈ ಬದಲಾಗುವುದು ಅವರದೇ, ಇಂಗ್ಲಿಷ್ ನೋಟಿಸ್ ಓದಲು ಯಾರೂ ಸಿಗದಿರುವುದೂ ಅವರಿಗೇ.

ಮುಂದೆ ಹೀಗಾಗದಂತೆ

ಒಂದು ಫೈಲ್ ಮಾಡಿ. ಅದರ ಮೊದಲ ಹಾಳೆಯಲ್ಲಿ ಯಾವ ದಿನ ಯಾವ ಕಚೇರಿಗೆ ಏನು ಕಳಿಸಿದಿರಿ, ರಸೀದಿ ನಂಬರ್ ಏನು, ಫೋನ್‌ನಲ್ಲಿ ಯಾರ ಜೊತೆ ಮಾತಾಡಿದಿರಿ ಅಂತ ಬರೆಯುತ್ತಾ ಹೋಗಿ. ಫೋನ್‌ನಲ್ಲಿ 'ಆಯ್ತು, ಕ್ಲೋಸ್ ಮಾಡ್ತೀವಿ' ಅಂದದ್ದಕ್ಕೆ ಬೆಲೆ ಇಲ್ಲ. ರದ್ದತಿ ಆದೇಶದ ಪ್ರತಿ ಕೈಗೆ ಬರಬೇಕು.

ಆಧಾರ್ ಜೆರಾಕ್ಸ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಕೊಡಿ. ಪ್ಯಾನ್ ಪ್ರತಿಯ ಮೇಲೆ ಅಕ್ಷರಗಳಿಗೆ ತಾಗುವಂತೆ ಅಡ್ಡಲಾಗಿ 'ಇಂಥವರಿಗೆ, ಇಂಥ ಕೆಲಸಕ್ಕೆ ಮಾತ್ರ' ಅಂತ ಬರೆದು ದಿನಾಂಕ ಹಾಕಿ ಸಹಿ ಮಾಡಿ. ಮಂಡಿಯಲ್ಲಿ ಕರಿಮೆಣಸಿನ ಬಿಲ್ಲಿಗೆ ಕೊಟ್ಟ ಪ್ರತಿ ಇನ್ನೊಂದು ಕಡೆ ಹೋದರೆ ಆ ಬರಹವೇ ಮಾತಾಡುತ್ತದೆ.

ಹಳೆಯ ಮೊಬೈಲ್ ನಂಬರ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗಲಿಲ್ಲ ಅಂತ ಸಿಮ್ ಬದಲಿಸುವುದು ಮಾಮೂಲಿ. ಬಿಟ್ಟ ನಂಬರನ್ನು ಕಂಪನಿ 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಆಧಾರ್, ಬ್ಯಾಂಕ್ ಎರಡರಲ್ಲೂ ಆ ಹಳೆಯ ನಂಬರೇ ಉಳಿದಿದ್ದರೆ ನಿಮ್ಮ ಓಟಿಪಿ ಹೊಸಬರ ಫೋನಿಗೆ ಹೋಗುತ್ತದೆ. ಸಿಮ್ ಬಿಡುವ ಮೊದಲೇ ಎರಡೂ ಕಡೆ ನಂಬರ್ ಬದಲಿಸಿ.

ಇನ್ನು ಬೆರಳಚ್ಚು. 2023ರಲ್ಲಿ ರಾಜ್ಯದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಬೆರಳಚ್ಚು ಬಳಸಿ ಖಾತೆಯಿಂದ ಹಣ ತೆಗೆದ ದೂರುಗಳು ಬಂದಿದ್ದವು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಈ ದಾರಿ ಮುಚ್ಚುತ್ತದೆ. ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿಯೂ ಅಲ್ಲೇ ಸಿಗುತ್ತದೆ. ಆದರೆ ಲಾಕ್ ಆಗಿದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ನಿಮ್ಮ ಹೆಬ್ಬೆಟ್ಟು ಹಿಡಿಯುವುದಿಲ್ಲ. ಅಂಗಡಿಯ ಹತ್ತಿರ ಸಿಗ್ನಲ್ ಇರುವ ಕಡೆ, ಹೆಬ್ಬೆಟ್ಟು ಕೊಡುವ ಸ್ವಲ್ಪ ಮುಂಚೆಯಷ್ಟೇ ಅನ್‌ಲಾಕ್ ಮಾಡಿಕೊಳ್ಳಿ. ಸ್ವಲ್ಪ ಹೊತ್ತಾದ ಮೇಲೆ ಅದು ತಾನಾಗೇ ಮತ್ತೆ ಲಾಕ್ ಆಗುತ್ತದೆ.